ನಾನು ಕಂಡ ಒಮಾನ್: ಒಂದು ದೇಶ, ಐದು ಹವೆ



ರಜೆಯಲ್ಲಿ ಊರಿಗೆ ಹೋದಾಗ ನಮ್ಮನ್ನೆಲ್ಲ ಕೇಳುವ ಪ್ರಶ್ನೆ ಒಂದೇ. "ಅಲ್ಲಿ ಎಂತ ಉಂಟು ಮಾರಾಯ? ಬರೀ ಮರಳು, ಬರೀ ಬಿಸಿಲು ಅಲ್ವಾ?" ನಾವೂ "ಹೌದು, ಭಾರೀ ಸೆಕೆ" ಅಂತ ಹೇಳಿ ಸುಮ್ಮನಾಗುತ್ತೇವೆ. ಬೇರೆ ಎಂತ ಹೇಳುವುದು? ಬೆಳಿಗ್ಗೆ ಕತ್ತಲೆ ಇರುವಾಗಲೇ ಕಂಪೆನಿ ಬಸ್ಸು, ಸಂಜೆ ಕ್ಯಾಂಪು. ಶುಕ್ರವಾರ ಬಟ್ಟೆ ಒಗೆಯುವುದು, ಮನೆಗೆ ವಿಡಿಯೋ ಕಾಲ್, ರೂವಿಗೆ ಹೋಗಿ ದುಡ್ಡು ಕಳಿಸುವುದು. ಬಸ್ಸಿನ ಕಿಟಕಿಯಲ್ಲಿ ಕಂಡದ್ದೇ ಒಮಾನ್. ಇಪ್ಪತ್ತು ವರ್ಷ ಇಲ್ಲಿ ದುಡಿದು, ಈ ದೇಶದ ಒಂದು ಬೆಟ್ಟವನ್ನೂ ಹತ್ತದೆ ಊರಿಗೆ ಹೋದವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ!

ನನ್ನ ಕೆಲಸದಿಂದಾಗಿ ನನಗೆ ಸ್ವಲ್ಪ ಹೆಚ್ಚು ತಿರುಗಲಿಕ್ಕೆ ಸಿಕ್ಕಿತು. ನಾನು ಎ.ಸಿ. ಮೆಕ್ಯಾನಿಕ್. ಊರು ಉಡುಪಿ ಹತ್ತಿರ. ಹದಿಮೂರು ವರ್ಷದಿಂದ ಇಲ್ಲಿದ್ದೇನೆ. ಒಂದು ವಿಷಯ ನಿಮಗೆ ಹೇಳಬೇಕು. ಈ ದೇಶದ ಒಂದೊಂದು ಕಡೆ ಎ.ಸಿ. ಹಾಳಾಗುವ ರೀತಿಯೇ ಬೇರೆ. ಯಂತ್ರದ ಕಾಯಿಲೆ ನೋಡಿದರೆ ಅಲ್ಲಿಯ ಹವೆ ಎಂಥದ್ದು ಅಂತ ಗೊತ್ತಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಮಾನಿನಲ್ಲಿ ಕಡಿಮೆ ಅಂದರೂ ಐದು ಹವೆ ಉಂಟು.

ದೇಶ ದೊಡ್ಡದು. ವಿಸ್ತೀರ್ಣ ಸುಮಾರು 3,09,500 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಒಂದೂವರೆ ಪಟ್ಟಿಗಿಂತ ಹೆಚ್ಚು. ನಮ್ಮ ಕರಾವಳಿ ಸುಮಾರು 320 ಕಿ.ಮೀ., ಇವರದ್ದು 3,165 ಕಿ.ಮೀ. ಇಷ್ಟು ಉದ್ದದ ದೇಶದಲ್ಲಿ ಒಂದೇ ಹವೆ ಇರಲಿಕ್ಕೆ ಹೇಗೆ ಸಾಧ್ಯ?

ಕಡಲ ಬದಿ

ನಮ್ಮಲ್ಲಿ ಹೆಚ್ಚಿನವರು ಇರುವುದು ಮಸ್ಕತ್, ಸೀಬ್, ಬರ್ಕಾ, ಸೋಹಾರ್ ಈ ಸಾಲಿನಲ್ಲಿ. ಜೂನ್ ಬಂದರೆ ಇಲ್ಲಿಯ ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಳ್ಳುತ್ತದೆ. ಒಂದು ಸಾಧಾರಣ ಸ್ಪ್ಲಿಟ್ ಎ.ಸಿ.ಯ ಡ್ರೈನ್ ಪೈಪಿಗೆ ಬಕೆಟ್ ಇಟ್ಟರೆ ರಾತ್ರಿ ಬೆಳಗಾಗುವುದರೊಳಗೆ ತುಂಬಿರುತ್ತದೆ. ಅದು ಗಾಳಿಯಲ್ಲಿದ್ದ ನೀರು. ಔಟ್‌ಡೋರ್ ಯೂನಿಟ್ಟಿನ ಕಾಯಿಲ್ ಅನ್ನು ಉಪ್ಪುಗಾಳಿ ತಿಂದು ಹಾಕುತ್ತದೆ. ಕಡಲಿನ ಎದುರಿಗೆ ಇರುವ ಮನೆಯ ಯೂನಿಟ್ಟಿಗೆ ಆಯುಷ್ಯ ಕಡಿಮೆ.

ಈ ಸೆಕೆಗೆ ಲೋಕದಾಖಲೆಯೂ ಉಂಟು. 2018ರ ಜೂನ್ 26ರಂದು ಮಸ್ಕತ್ತಿನಿಂದ ಆಚೆ ಕುರಿಯಾತ್‌ನಲ್ಲಿ ಇಡೀ 24 ಗಂಟೆ ಉಷ್ಣತೆ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಗಮನಿಸಿ, ಇದು ಮಧ್ಯಾಹ್ನದ ಲೆಕ್ಕ ಅಲ್ಲ, ರಾತ್ರಿಯೂ ಸೇರಿ ಅತಿ ಕಡಿಮೆಯ ಲೆಕ್ಕ. ಜೂನ್‌ನಿಂದ ಆಗಸ್ಟ್ ತನಕ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು ಇರುವುದು ಸುಮ್ಮನೆ ಅಲ್ಲ. ಅದು ಯಾರೋ ಕೊಟ್ಟ ದಾನ ಅಲ್ಲ, ನಮ್ಮ ಹಕ್ಕು. ಮೈ ಬೆವರುವುದು ನಿಂತು ತಲೆ ಸುತ್ತಲು ಶುರುವಾದರೆ ಕೂಡಲೇ ನೆರಳಿಗೆ ಬನ್ನಿ, ಜೊತೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಆದರೆ ಇದೇ ಕಡಲ ಬದಿಯಲ್ಲಿ ಸೂರ್ ಕಡೆಗೆ ಹೋದರೆ ಮನಸ್ಸು ತಣ್ಣಗಾಗುವಂಥದ್ದೂ ಉಂಟು. ದಾರಿಯಲ್ಲಿ ಬಿಮ್ಮಾ ಅಂತ ಒಂದು ಜಾಗ. ಸುಣ್ಣಕಲ್ಲಿನ ನೆಲ ಕುಸಿದು ಆದ ದೊಡ್ಡ ಹೊಂಡ, ಅದರ ತಳದಲ್ಲಿ ಹಸಿರು ನೀಲಿ ನೀರು. ಮುಂದೆ ವಾದಿ ಶಾಬ್. ಇನ್ನೂ ಮುಂದೆ ರಾಸ್ ಅಲ್ ಜಿನ್ಜ್. ಅಲ್ಲಿ ರಾತ್ರಿ ಹಸಿರು ಕಡಲಾಮೆಗಳು ದಡಕ್ಕೆ ಬಂದು, ಹೊಂಡ ತೋಡಿ, ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ ವಾಪಸ್ಸು ಹೋಗುತ್ತವೆ. ಗೈಡ್ ಜೊತೆಗೆ ಗುಂಪಿನಲ್ಲಿ ಮಾತ್ರ ಬಿಡುತ್ತಾರೆ. ಲೈಟ್ ಹಾಕುವಂತಿಲ್ಲ, ಗಲಾಟೆ ಮಾಡುವಂತಿಲ್ಲ. ನಮ್ಮ ಕುಂದಾಪುರದ ಕೋಡಿ ಕಡಲ ಬದಿಗೂ ಆಮೆ ಮೊಟ್ಟೆ ಇಡಲು ಬರುತ್ತದೆ. ಅದು ಬೇರೆ ಜಾತಿ, ಆಲಿವ್ ರಿಡ್ಲೆ. ಕಡಲು ಮಾತ್ರ ಒಂದೇ, ಅರಬ್ಬೀ ಸಮುದ್ರ.

ಬೆಟ್ಟದ ಆಚೆ

ಮಸ್ಕತ್ತಿನಿಂದ ನಿಜ್ವಾ ಕಡೆ ಹೊರಟರೆ ಸಮಾಯಿಲ್ ದಾರಿಯಲ್ಲಿ ಎರಡೂ ಬದಿ ಕಪ್ಪು ಕಂದು ಗುಡ್ಡಗಳು. ಒಂದು ಹುಲ್ಲುಕಡ್ಡಿ ಇಲ್ಲ. ನೋಡಿದವರು "ಎಂಥ ಬೋಳು ಗುಡ್ಡ" ಅನ್ನುತ್ತಾರೆ. ಅದು ಒಂಬತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಕಡಲಿನ ತಳವಾಗಿದ್ದ ಕಲ್ಲು. ಭೂಮಿಯ ಒತ್ತಡಕ್ಕೆ ಮೇಲೆ ಬಂದು ಹೀಗೆ ನಿಂತಿದೆ. ಕಡಲ ತಳದ ಕಲ್ಲು ಇಷ್ಟು ವಿಶಾಲವಾಗಿ, ಇಷ್ಟು ಸ್ಪಷ್ಟವಾಗಿ ಭೂಮಿಯ ಮೇಲೆ ಕಾಣುವ ಜಾಗ ಲೋಕದಲ್ಲಿ ಬೇರೆ ಇಲ್ಲ ಅಂತ ಭೂವಿಜ್ಞಾನಿಗಳು ಇಲ್ಲಿಗೇ ಹುಡುಕಿಕೊಂಡು ಬರುತ್ತಾರೆ. ನಾವು ಅದರ ಪಕ್ಕದಲ್ಲೇ ಪಿಕಪ್‌ನಲ್ಲಿ ನಿದ್ದೆ ಮಾಡಿಕೊಂಡು ಹೋಗುತ್ತೇವೆ!

ನಿಜ್ವಾದಲ್ಲಿ ಎ.ಸಿ. ಪೈಪಿನಲ್ಲಿ ನೀರು ಹನಿಯುವುದೇ ಅಪರೂಪ. ಗಾಳಿ ಅಷ್ಟು ಒಣ. ಅಲ್ಲಿಯ ಕಾಯಿಲೆ ಧೂಳು. ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯದಿದ್ದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಇಷ್ಟು ಒಣ ಜಾಗದಲ್ಲಿ ಖರ್ಜೂರದ ತೋಟ ಹೇಗೆ ಹಸಿರಾಗಿ ನಿಂತಿತು? ಉತ್ತರ ಫಲಜ್. ಬೆಟ್ಟದ ಬುಡದ ಅಂತರ್ಜಲವನ್ನೋ ಊಟೆಯ ನೀರನ್ನೋ ಪಂಪು ಇಲ್ಲದೆ, ಬರೀ ಇಳಿಜಾರಿನಲ್ಲಿ ಕಾಲುವೆ ಮೂಲಕ ಊರಿಗೆ ತರುವ ವ್ಯವಸ್ಥೆ. ಇಂಥ ಸುಮಾರು 3,000 ಫಲಜ್‌ಗಳು ಒಮಾನಿನಲ್ಲಿ ಇವತ್ತಿಗೂ ಬಳಕೆಯಲ್ಲಿವೆ. ನಿಜ್ವಾದ ಫಲಜ್ ದಾರಿಸ್ ಸೇರಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನಗೆ ಇದರಲ್ಲಿ ಹಿಡಿಸಿದ್ದು ನೀರು ಹಂಚುವ ಕ್ರಮ. ನೀರನ್ನು ಅಳೆಯುವುದು ಲೀಟರಿನಲ್ಲಿ ಅಲ್ಲ, ಹೊತ್ತಿನಲ್ಲಿ. ನಿನ್ನ ತೋಟಕ್ಕೆ ಇಷ್ಟು ಹೊತ್ತು, ಅವನ ತೋಟಕ್ಕೆ ಅಷ್ಟು ಹೊತ್ತು. ಗಡಿಯಾರ ಇಲ್ಲದ ಕಾಲದಲ್ಲಿ ಹಗಲು ಕಂಬದ ನೆರಳು, ರಾತ್ರಿ ನಕ್ಷತ್ರ ನೋಡಿ ಪಾಳಿ ಬದಲಾಯಿಸುತ್ತಿದ್ದರು. ಕುಡಿಯುವ ನೀರಿಗೆ ಮೊದಲ ಜಾಗ, ಸ್ನಾನಕ್ಕೆ ಆಮೇಲೆ, ತೋಟಕ್ಕೆ ಕೊನೆಗೆ. ನಮ್ಮ ಬೀದರಿನ ಕರೇಜ್ ಕೂಡ ಇದೇ ಜಾತಿಯದ್ದು, ಬಹಮನಿ ಸುಲ್ತಾನರ ಕಾಲದ್ದು. ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆಯ ಗುಡ್ಡದಲ್ಲಿ ಕೊರೆಯುವ ಸುರಂಗವೂ ಇದರ ಸಣ್ಣ ತಮ್ಮನ ಹಾಗೆ. ಹಾಗಾಗಿ ಫಲಜ್ ನೋಡಿದರೆ ನಮಗೆ ಪೂರ್ತಿ ಪರದೇಶ ಅಂತ ಅನಿಸುವುದಿಲ್ಲ.

ಮೇಲೆ ಹೋದರೆ ಚಳಿ

ನಿಜ್ವಾದ ಪಕ್ಕದಲ್ಲೇ ಜಬಲ್ ಅಖ್ದರ್. ಹಸಿರು ಬೆಟ್ಟ ಅಂತ ಅರ್ಥ. ಬಿರ್ಕತ್ ಅಲ್ ಮೌಜ್ ದಾಟಿದ ಮೇಲೆ ಪೊಲೀಸ್ ಚೆಕ್‌ಪೋಸ್ಟ್. ಫೋರ್ ವೀಲ್ ಡ್ರೈವ್ ಗಾಡಿ ಇಲ್ಲದಿದ್ದರೆ ಮೇಲೆ ಬಿಡುವುದಿಲ್ಲ. ಇಳಿಯುವಾಗ ಬ್ರೇಕ್ ಸುಟ್ಟು ಹೋಗುವ ಇಳಿಜಾರು, ಅದಕ್ಕೆ. ಸೈಕ್ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಮೇಲೆ ಒಂದು ಊರು. ಕೆಳಗಿಂತ ಹತ್ತು-ಹದಿನೈದು ಡಿಗ್ರಿ ತಂಪು. ಅಲ್ಲಿಂದ ನನಗೆ ಬರುವ ಫೋನ್ "ಹೀಟರ್ ಕೆಲಸ ಮಾಡುವುದಿಲ್ಲ" ಅಂತ. ಜನವರಿಯಲ್ಲಿ ಕೆಲವು ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಗಲ್ಫಿನಲ್ಲಿ ಹಲ್ಲು ಕಟಕಟ ಅನ್ನುವ ಚಳಿ ಅಂದರೆ ಊರಿನಲ್ಲಿ ಯಾರು ನಂಬುತ್ತಾರೆ?

ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗದ್ದೆಗಳಲ್ಲಿ ದಾಳಿಂಬೆ, ಅಕ್ರೋಟು, ಗುಲಾಬಿ. ಏಪ್ರಿಲ್ ಹೊತ್ತಿಗೆ ಗುಲಾಬಿ ಕೊಯ್ದು ಮಣ್ಣಿನ ಒಲೆಯಲ್ಲಿ ಬಟ್ಟಿ ಇಳಿಸಿ ಪನ್ನೀರು ಮಾಡುತ್ತಾರೆ. ಒಲೆಯಲ್ಲಿ ಹೊಗೆ ಹಿಡಿದ ಆ ಪನ್ನೀರಿಗೆ ಅದರದೇ ಒಂದು ವಾಸನೆ. ಆಚೆ ಬದಿಯಲ್ಲಿ ಜಬಲ್ ಶಮ್ಸ್, ದೇಶದ ಅತಿ ಎತ್ತರದ ಬೆಟ್ಟ, ಸುಮಾರು 3,000 ಮೀಟರ್. ಅದರ ಅಂಚಿನಲ್ಲಿ ನಿಂತರೆ ಕೆಳಗೆ ವಾದಿ ಗೂಲ್, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಳ. ಆಡುಗಳು ಆರಾಮವಾಗಿ ಅಂಚಿನಲ್ಲಿ ಮೇಯುತ್ತವೆ. ನನಗೆ ಮಾತ್ರ ಕಾಲು ನಡುಗಿತು.

ಮರಳು ಮತ್ತು ವಾದಿ

ಮರುಭೂಮಿ ಅಂದರೆ ಎಲ್ಲ ಕಡೆ ಮರಳು ಅಲ್ಲ. ಆದಮ್‌ನಿಂದ ದಕ್ಷಿಣಕ್ಕೆ ಹೋದರೆ ನೂರಾರು ಕಿ.ಮೀ. ಬರೀ ಸಣ್ಣ ಕಲ್ಲಿನ ಬಯಲು, ಚಪ್ಪಟೆ. ಮರಳು ನೋಡಬೇಕಾದರೆ ಶರ್ಕಿಯಾ ಮರಳುಗಾಡಿಗೆ ಹೋಗಬೇಕು. ಉತ್ತರ ದಕ್ಷಿಣ ಸುಮಾರು 180 ಕಿ.ಮೀ. ಉದ್ದ, ನೂರು ಮೀಟರಿನಷ್ಟು ಎತ್ತರದ ದಿಬ್ಬಗಳು. ಚಳಿಗಾಲದ ಸಂಜೆ ದಿಬ್ಬದ ಮೇಲೆ ಕುಳಿತರೆ ಗಾಳಿ ಬಿಟ್ಟು ಬೇರೆ ಸದ್ದಿಲ್ಲ. ಎಂಟು ಜನ ಒಂದೇ ರೂಮಿನಲ್ಲಿ ಮಲಗುವವನಿಗೆ ಆ ಮೌನದ ಬೆಲೆ ಗೊತ್ತಾಗುತ್ತದೆ.

ಇನ್ನು ವಾದಿಗಳು. ಈ ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ವಾದಿ ಅಂದರೆ ವರ್ಷದಲ್ಲಿ ಹೆಚ್ಚಿನ ದಿನ ಒಣಗಿರುವ ಹೊಳೆಯ ದಾರಿ. ನಮ್ಮ ಊರಿನ ಹೊಳೆ ಏರುವಾಗ ಸೂಚನೆ ಕೊಟ್ಟು ಏರುತ್ತದೆ. ವಾದಿ ಹಾಗಲ್ಲ. ಬೋಳು ಕಲ್ಲುಬೆಟ್ಟ ನೀರು ಕುಡಿಯುವುದಿಲ್ಲ. ಬಿದ್ದದ್ದೆಲ್ಲ ಒಮ್ಮೆಲೇ ಕೆಳಗೆ ಬರುತ್ತದೆ. ನೀವು ನಿಂತ ಜಾಗದಲ್ಲಿ ಬಿಸಿಲು ಇರಬಹುದು, ಮಳೆ ದೂರದ ಬೆಟ್ಟದಲ್ಲಿ ಬಿದ್ದಿರುತ್ತದೆ. 2007ರ ಗೋನು, 2018ರ ಮೆಕುನು, 2021ರ ಶಾಹೀನ್ ಚಂಡಮಾರುತಗಳನ್ನು ಕಂಡವರು ನಮ್ಮಲ್ಲೇ ಇದ್ದಾರೆ. 2024ರ ಏಪ್ರಿಲ್‌ನಲ್ಲಿ ಶರ್ಕಿಯಾ ಕಡೆ ವಾದಿ ಉಕ್ಕಿ ಶಾಲಾ ಮಕ್ಕಳು ಸೇರಿ ಹಲವರು ಪ್ರಾಣ ಕಳೆದುಕೊಂಡರು. ಉಕ್ಕಿದ ವಾದಿಯನ್ನು ಬೇಕಂತಲೇ ದಾಟುವುದು ಇಲ್ಲಿ ಶಿಕ್ಷೆ ಆಗುವ ಅಪರಾಧ. ಸೂಪರ್‌ವೈಸರ್ "ಹೋಗು, ಎಂತ ಆಗುವುದಿಲ್ಲ" ಅಂದರೂ ಗಾಡಿ ನಿಲ್ಲಿಸಿ. ಸೈಟಿಗೆ ತಡವಾದರೆ ಬೈಗುಳ ತಿನ್ನಬಹುದು, ಹೋದ ಪ್ರಾಣ ಬರುವುದಿಲ್ಲ.

ಸಲಾಲಾದ ಮಳೆ

ಐದನೆಯದ್ದು ಸಲಾಲಾ. ಮಸ್ಕತ್ತಿನಿಂದ ಸುಮಾರು 1,000 ಕಿ.ಮೀ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಹಿಜ್ರಿ ಹೊಸ ವರ್ಷದ ರಜೆ ವಾರದ ರಜೆಗೆ ಕೂಡಿ ಬಂತು. ನಾವು ಐದು ಜನ ಬಾಡಿಗೆ ಕಾರು ಮಾಡಿ ಹೊರಟೆವು. ನಮ್ಮ ಜೊತೆ ರೂಮಿನ ಹಿರಿಯರು ಒಬ್ಬರಿದ್ದರು. ಪ್ಲಾಸ್ಟರ್ ಮೇಸ್ತ್ರಿ, ರಾಯಚೂರು ಜಿಲ್ಲೆಯವರು. ಒಮಾನಿಗೆ ಬಂದು ಹತ್ತೊಂಬತ್ತು ವರ್ಷ ಆಗಿತ್ತು. ಮುಂದಿನ ತಿಂಗಳು ವೀಸಾ ಮುಗಿಸಿ ಊರಿಗೆ ಹೋಗುವವರಿದ್ದರು. ನಿಜ್ವಾವನ್ನೂ ನೋಡಿರಲಿಲ್ಲ. "ನನಗ ಒಮಾನ್ ಅಂದ್ರ ಒಂದು ಗ್ವಾಡಿ ತಮ್ಮಾ. ಒಂದು ಮುಗೀತು ಅಂದ್ರ ಇನ್ನೊಂದು" ಅನ್ನುತ್ತಿದ್ದರು. ಬರಲಿಕ್ಕೆ ಒಪ್ಪಿಸುವುದೇ ಕಷ್ಟವಾಯಿತು. ಆ ದುಡ್ಡಿನಲ್ಲಿ ಮೊಮ್ಮಗಳಿಗೆ ಏನಾದರೂ ಒಯ್ಯಬಹುದು ಅಂತ ಅವರ ಲೆಕ್ಕ. ಅವರ ಪಾಲಿನ ಪೆಟ್ರೋಲ್ ನಾವು ನಾಲ್ವರು ಹಂಚಿಕೊಂಡೆವು.

ಹೈಮಾ ದಾಟಿ ತುಮ್ರೈತ್ ಬರುವ ತನಕ ಹೊರಗೆ ನಲವತ್ತಕ್ಕಿಂತ ಮೇಲೆ. ಕಾರಿನ ಎ.ಸಿ. ಸೋತು ಹೋಗಿತ್ತು. ಆಮೇಲೆ ದಾರಿ ಬೆಟ್ಟ ಏರಿತು. ಒಂದು ತಿರುವಿನಲ್ಲಿ ಎದುರಿಗೆ ಬಿಳಿ ಗೋಡೆಯ ಹಾಗೆ ಮಂಜು. ಅದರೊಳಗೆ ಹೊಕ್ಕದ್ದೇ ಗಾಜಿನ ಮೇಲೆ ಹನಿ. ಹೊರಗೆ 25 ಡಿಗ್ರಿ. ಎರಡೂ ಬದಿ ಹಸಿರು ಹುಲ್ಲು, ಅದರಲ್ಲಿ ದನ, ದನದ ನಡುವೆ ಒಂಟೆ.

"ತಮ್ಮಾ, ಗಾಡಿ ನಿಂದ್ರಸು" ಅಂದರು ಮೇಸ್ತ್ರಿ.

ಇಳಿದು ಮುಖ ಮೇಲೆ ಮಾಡಿ ನಿಂತರು. "ಇದು ಮಳೀನಾ?"

"ಮಳೆಯೇ ಮೇಸ್ತ್ರಿ. ಇಲ್ಲಿಯ ಮಳೆ ಇಷ್ಟೇ, ಜಿಟಿಜಿಟಿ."

ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳಲ್ಲಿ ಒತ್ತಿ ನೋಡಿದರು. ಊರಲ್ಲಿ ಅವರಿಗೆ ಎರಡು ಎಕರೆ ಮಸಾರಿ ಹೊಲ ಇದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಇಷ್ಟ ಮಳಿ ನಮ್ಮೂರಾಗ ಹೊತ್ತಿಗೆ ಸರಿಯಾಗಿ ಬಿದ್ದಿದ್ರ, ನಾ ಈ ದೇಶಕ್ಕ ಯಾಕ ಬರ್ತಿದ್ದೆ?"

ನಾವು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಮನೆಗೆ ವಿಡಿಯೋ ಕಾಲ್ ಮಾಡಿದರು. ಆ ಕಡೆಯಿಂದ ಅವರ ಹೆಂಡತಿ, "ಅಯ್ಯ, ಊರಿಗೆ ಬಂದೀರೇನ್ರೀ? ಮಲ್ನಾಡಿನಾಗ ಯಾಕ ನಿಂತೀರಿ?" ಅಂದದ್ದು ಎಲ್ಲರಿಗೂ ಕೇಳಿಸಿತು. ಆಗ ನಗು ಬಂತು.

ಈ ಮಳೆಯ ಕಥೆ ತಿಳಿದುಕೊಳ್ಳುವಂಥದ್ದು. ಜೂನ್‌ನಲ್ಲಿ ನಮ್ಮ ಕರಾವಳಿಗೆ ಮುಂಗಾರು ತರುವ ನೈಋತ್ಯ ಗಾಳಿ ಉಂಟಲ್ಲ, ಅದೇ ಗಾಳಿ ಆಫ್ರಿಕಾದ ಕಡೆಯಿಂದ ಬರುತ್ತಾ ಒಮಾನಿನ ದಕ್ಷಿಣ ದಡದ ಉದ್ದಕ್ಕೂ ಹಾಯುತ್ತದೆ. ಕಡಲಿನ ಮೇಲಿನ ಬೆಚ್ಚಗಿನ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ತಣ್ಣೀರಿನ ಮೇಲೆ ಹಾದ ಗಾಳಿಯ ತೇವ ಮಂಜಾಗಿ ದೋಫಾರ್ ಬೆಟ್ಟಕ್ಕೆ ತಾಗಿ ನಿಲ್ಲುತ್ತದೆ. ಮೇಲಿನಿಂದ ಮರುಭೂಮಿಯ ಬಿಸಿಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ, ಹಾಗಾಗಿ ಮೋಡ ಎತ್ತರಕ್ಕೆ ಬೆಳೆಯುವುದಿಲ್ಲ, ಜೋರು ಮಳೆ ಆಗುವುದಿಲ್ಲ. ಇದನ್ನು ಖರೀಫ್ ಅನ್ನುತ್ತಾರೆ. ಜೂನ್ 21ರಿಂದ ಸೆಪ್ಟೆಂಬರ್ 21ರ ತನಕ. ನಮ್ಮ ಉಡುಪಿಯಲ್ಲಿ ಒಂದು ದಿನ ಜಡಿದು ಸುರಿದರೆ ಬೀಳುವಷ್ಟು ಮಳೆ ಅಲ್ಲಿಯ ಇಡೀ ಮೂರು ತಿಂಗಳಿಗೆ. ಆದರೆ ಮರಗಳ ಎಲೆ ಮಂಜನ್ನು ಹಿಡಿದು ಹನಿಹನಿಯಾಗಿ ನೆಲಕ್ಕೆ ಇಳಿಸುತ್ತದೆ. ಅಷ್ಟರಲ್ಲೇ ಬೆಟ್ಟ ಹಸಿರಾಗುತ್ತದೆ, ಊಟೆಗಳು ತುಂಬುತ್ತವೆ.

ಬೆಟ್ಟದ ಆಚೆ ಬದಿಗೆ ಆ ಮಂಜು ಹೋಗುವುದಿಲ್ಲ. ನಮ್ಮ ಸಹ್ಯಾದ್ರಿ ಉಡುಪಿಗೆ ಮಳೆ ಸುರಿಸಿ ರಾಯಚೂರಿಗೆ ಕಡಿಮೆ ಬಿಡುತ್ತದಲ್ಲ, ಅದೇ ಲೆಕ್ಕ. ಒಂದೇ ಗಾಳಿ. ನನ್ನ ಊರಿಗೆ ಗದ್ದೆ ಮುಳುಗುವಷ್ಟು ಕೊಟ್ಟಿತು, ಮೇಸ್ತ್ರಿಯ ಹೊಲಕ್ಕೆ ಕೈ ಕೊಟ್ಟಿತು, ಸಲಾಲಾಕ್ಕೆ ಹನಿಯನ್ನು ಕೊಟ್ಟಿತು. ನಾವಿಬ್ಬರೂ ಬೇರೆ ಬೇರೆ ಕಾರಣಕ್ಕೆ ಮನೆ ಬಿಟ್ಟು ಒಂದೇ ರೂಮಿಗೆ ಬಂದು ಸೇರಿದವರು. ಹಿಂದೆ ಹಾಯಿಹಡಗುಗಳೂ ಇದೇ ಕಡಲಿನ ಗಾಳಿಯನ್ನು ನಂಬಿ ಓಡಾಡಿದವು. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಬರುತ್ತಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲಿತ್ತು. ಈ ದಾರಿ ನಮಗೆ ಹೊಸತಲ್ಲ.

ಮಂಜು ಮುಟ್ಟದ ಆ ಒಣ ಬದಿಯಲ್ಲೇ ಲುಬಾನ್ ಮರ ಬೆಳೆಯುವುದು. ನಾವು ಊರಲ್ಲಿ ಹೇಳುವ ಲೋಬಾನ ಇದೇ ಶಬ್ದ. ವಾದಿ ದೌಕಾದ ಲುಬಾನ್ ಮರಗಳ ಬಯಲು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತೊಗಟೆ ಕೆತ್ತಿದರೆ ಹಾಲಿನಂಥ ಅಂಟು ಬರುತ್ತದೆ, ಒಣಗಿದ ಮೇಲೆ ಕೆರೆದು ತೆಗೆಯುತ್ತಾರೆ. ಮೇಸ್ತ್ರಿ ಸಲಾಲಾದ ಸೂಕ್‌ನಲ್ಲಿ ಅರ್ಧ ಕಿಲೋ ಕೊಂಡರು. ಊರಿಗೆ ಹೋದ ಮೇಲೆ ಒಮ್ಮೆ ಫೋನ್ ಮಾಡಿ, "ಸಲಾಲಾದ ಮಳಿ ಸುದ್ದಿ ಹೇಳಿದ್ರ ಯಾರೂ ನಂಬೂದಿಲ್ಲ ತಮ್ಮಾ. ಲೋಬಾನ ಹಚ್ಚಿ ಮುಂದ ಇಡ್ತೀನಿ, ಆಗ ನಂಬ್ತಾರ" ಅಂದರು.

ಹೋಗುವವರಿಗೆ ನಾಲ್ಕು ಮಾತು

ಕಾರು ಇಲ್ಲದಿದ್ದರೂ ಚಿಂತೆ ಇಲ್ಲ. ಮಸ್ಕತ್ತಿನಿಂದ ನಿಜ್ವಾ, ಸೂರ್, ಸಲಾಲಾಕ್ಕೆ ಮುವಾಸಲಾತ್ ಬಸ್ ಉಂಟು. ಐದು ಜನ ಸೇರಿದರೆ ಬಾಡಿಗೆ ಕಾರೂ ಭಾರವಲ್ಲ. ದುಡ್ಡು ಇಲ್ಲವೇ ಇಲ್ಲ ಅನ್ನುವವರು ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ರಿಯಾಮ್‌ನಿಂದ ಮುತ್ರಾಕ್ಕೆ ಗುಡ್ಡದ ಕಾಲುದಾರಿಯಲ್ಲಿ ನಡೆಯಿರಿ. ಖರ್ಚು ಒಂದು ಬಾಟಲಿ ನೀರು.

ನವೆಂಬರ್‌ನಿಂದ ಫೆಬ್ರವರಿ ತನಕ ಬೆಟ್ಟ, ಮರಳು, ವಾದಿಗೆ ಒಳ್ಳೆಯ ಕಾಲ. ಜುಲೈ, ಆಗಸ್ಟ್ ಸಲಾಲಾಕ್ಕೆ. ಖರೀಫ್‌ನಲ್ಲಿ ಕಡಲಿಗೆ ಇಳಿಯಬೇಡಿ. ಮುಘ್ಸೈಲ್‌ನಲ್ಲಿ ಕಲ್ಲಿನ ತೂತಿನಿಂದ ಕಡಲನೀರು ಚಿಮ್ಮುವುದನ್ನು ಬೇಲಿಯ ಈಚೆಯಿಂದಲೇ ನೋಡಿ. 2022ರ ಜುಲೈಯಲ್ಲಿ ಬೇಲಿ ದಾಟಿದವರನ್ನು ಅಲೆ ಎಳೆದುಕೊಂಡು ಹೋಗಿತ್ತು, ಅವರಲ್ಲಿ ನಮ್ಮ ದೇಶದವರೂ ಇದ್ದರು. ಮುಸಂದಮ್‌ಗೆ ರಸ್ತೆಯಲ್ಲಿ ಹೋದರೆ ನಡುವೆ ಯು.ಎ.ಇ. ಬರುತ್ತದೆ, ವೀಸಾ ವಿಷಯ ಮೊದಲೇ ವಿಚಾರಿಸಿ. ರೆಸಿಡೆಂಟ್ ಕಾರ್ಡ್ ಯಾವಾಗಲೂ ಕಿಸೆಯಲ್ಲಿರಲಿ. ಎಲ್ಲಿಗೆ ಹೋಗುತ್ತೀರಿ ಅಂತ ರೂಮಿನಲ್ಲಿ ಒಬ್ಬರಿಗೆ ಹೇಳಿ ಹೋಗಿ. ತುರ್ತಿಗೆ 9999. ಊರಿನ ಹುಡುಗರು ಹೊಸದಾಗಿ ಬಂದರೆ ಈ ಸಂಖ್ಯೆಯನ್ನು ಮೊದಲ ದಿನವೇ ಅವರ ಫೋನಿನಲ್ಲಿ ಹಾಕಿಕೊಡಿ.

ದುಡಿಯಲಿಕ್ಕೆ ಬಂದವರು ನಾವು, ನಿಜ. ಮನೆ ಸಾಲ, ಮಕ್ಕಳ ಫೀಸು ಎಲ್ಲರಿಗೂ ಉಂಟು. ಆದರೆ ನಮ್ಮ ಆಯುಷ್ಯದ ಒಳ್ಳೆಯ ವರ್ಷಗಳು ಕಳೆಯುವುದು ಈ ನೆಲದಲ್ಲಿ. ವರ್ಷಕ್ಕೆ ಎರಡು ದಿನ ಈ ನೆಲವನ್ನು ನೋಡಿದರೆ ಮನೆಯವರಿಗೆ ಏನೂ ಕಡಿಮೆ ಆಗುವುದಿಲ್ಲ.

ಈ ನವೆಂಬರ್‌ನಲ್ಲಿ ನಮ್ಮ ರೂಮಿನವರು ನಿಜ್ವಾ, ಜಬಲ್ ಶಮ್ಸ್ ಕಡೆ ಹೊರಡುವ ಅಂದಾಜು ಮಾಡಿದ್ದೇವೆ. ಮೇಸ್ತ್ರಿಯವರ ಸೀಟು ಖಾಲಿ ಉಂಟು. ಬರುವ ಮನಸ್ಸಿದ್ದವರು ಶುಕ್ರವಾರ ಸಂಘದಲ್ಲಿ ಸಿಕ್ಕಾಗ ಹೇಳಿ. ಸ್ವೆಟರ್ ತರಲಿಕ್ಕೆ ಮರೆಯಬೇಡಿ.